ಗೃಹ ಗಣಕಯಂತ್ರಕ್ಕೆ ತಕ್ಕ ವೋಲ್ಟೇಜ್ ನಿಯಂತ್ರಕದ ಆಯ್ಕೆ

ಮನೆಗೆ ಗಣಕಯಂತ್ರವನ್ನು ಕೊಳ್ಳಹೋದವರಿಗೆ ಅಂಗಡಿಯಲ್ಲಿ ಕಟ್ಟಕಡೆಗೆ ಎದುರಾಗುವ ಪ್ರಶ್ನೆಯೊಂದುಂಟು: “ಸ್ಟೆಬಿಲೈಸರ್ ಬೇಕೆ?” ಯಂತ್ರದ ಆಯ್ಕೆಗಾಗಿ ವಾರಗಟ್ಟಲೆ ವಿಚಾರಿಸಿದ ಗೃಹಸ್ಥರೂ ಈ ಪ್ರಶ್ನೆಗೆ ಅರೆನಿಮಿಷದಲ್ಲಿ ಉತ್ತರ ಹೇಳಿಬಿಡುತ್ತಾರೆ. ಕೆಲವರು ಖರ್ಚಿಗೆ ಅಂಜಿ ಬೇಡವೆನ್ನುತ್ತಾರೆ. ಹಲವರು ಫ್ರಿಜ್ಜಿಗೆ ಇದೆ, ಇದಕ್ಕೂ ಒಂದಿರಲಿ ಎನ್ನುತ್ತಾರೆ. ಆ ಪೆಟ್ಟಿಗೆಯು ಯಾವ ರೋಗಕ್ಕೆ ಮದ್ದು, ಆ ರೋಗವು ತಮ್ಮ ಮನೆಯ ವಿದ್ಯುತ್ತಿಗೆ ಇದೆಯೇ ಎಂದು ಕೇಳುವವರು ವಿರಳ. ಇದರ ಫಲವಾಗಿ ಬೇಡದ ಮನೆಯಲ್ಲಿ ಸ್ಟೆಬಿಲೈಸರ್ ಕುಳಿತಿರುತ್ತದೆ, ಬೇಕಾದ ಮನೆಯಲ್ಲಿ ಅದು ಇರುವುದಿಲ್ಲ. ಇವೆರಡು ಮನೆಗಳಲ್ಲಿಯೂ ಅದಕ್ಕಿಂತ ಅಗತ್ಯವಾದ ಭೂಸಂಪರ್ಕವು ಕೆಟ್ಟಿರುತ್ತದೆ. ಮಕ್ಕಳ ಓದಿಗೆಂದು ಸಾಲ ಮಾಡಿ ಯಂತ್ರವನ್ನು ತಂದ ಮನೆಗೆ ಇದು ಅಲ್ಪ ವಿಷಯವಲ್ಲ.

ಸ್ಟೆಬಿಲೈಸರ್ ನಮ್ಮ ನಾಡಿನ ಮನೆಗಳನ್ನು ಹೊಕ್ಕದ್ದು ಗಣಕಯಂತ್ರಕ್ಕಾಗಿ ಅಲ್ಲ, ಫ್ರಿಜ್ಜಿಗಾಗಿ ಹಾಗೂ ದೂರದರ್ಶನ ಪೆಟ್ಟಿಗೆಗಾಗಿ. 1982ರ ಏಷ್ಯನ್ ಕ್ರೀಡೆಗಳ ವರ್ಷದಲ್ಲಿ ವರ್ಣ ಪ್ರಸಾರವು ಆರಂಭವಾದ ಮೇಲೆ ದೂರದರ್ಶನವು ಜಿಲ್ಲೆ ತಾಲ್ಲೂಕುಗಳಿಗೂ ಹಬ್ಬಿತು. ಅಂದಿನ ಅನೇಕ ಪೆಟ್ಟಿಗೆಗಳಲ್ಲಿ ವೋಲ್ಟೇಜ್ ಇಳಿದೊಡನೆ ಚಿತ್ರವು ನಾಲ್ಕೂ ಅಂಚುಗಳಿಂದ ಕುಗ್ಗಿ ನಡುವೆ ಚಿಕ್ಕದಾಗುತ್ತಿತ್ತು. ಸ್ಟೆಬಿಲೈಸರ್ ಇಟ್ಟರೆ ಚಿತ್ರವು ಮತ್ತೆ ತುಂಬಿಕೊಳ್ಳುತ್ತಿತ್ತು. ಕಣ್ಣಿಗೆ ಕಾಣುವ ಈ ಉಪಕಾರದಿಂದ “ಬೆಲೆಬಾಳುವ ಯಂತ್ರವೆಂದರೆ ಸ್ಟೆಬಿಲೈಸರ್ ಇರಲೇಬೇಕು” ಎಂಬ ನಂಬಿಕೆಯು ಬೇರೂರಿತು. ಕಾಲಾಂತರದಲ್ಲಿ ಯಂತ್ರಗಳ ಒಳರಚನೆ ಬದಲಾಯಿತು. ನಂಬಿಕೆ ಮಾತ್ರ ಹಾಗೆಯೇ ಉಳಿಯಿತು. ಆದಕಾರಣ ಆಯ್ಕೆಗೆ ಮುನ್ನ ಎರಡು ಸಂಗತಿಗಳನ್ನು ತಿಳಿಯಬೇಕು: ಮನೆಗೆ ಬರುವ ವೋಲ್ಟೇಜ್ ಏಕೆ ಏರಿಳಿಯುತ್ತದೆ, ಗಣಕಯಂತ್ರವು ಎಷ್ಟರಮಟ್ಟಿಗೆ ಅದನ್ನು ತಾನೇ ಸಹಿಸಿಕೊಳ್ಳುತ್ತದೆ.

ಭಾರತದಲ್ಲಿ ಮನೆಗಳಿಗೆ ಕೊಡುವ ಏಕ ಫೇಸ್ ವಿದ್ಯುತ್ತಿನ ಗೊತ್ತಾದ ಒತ್ತಡವು 230 ವೋಲ್ಟ್, ಆವರ್ತನವು ಸೆಕೆಂಡಿಗೆ 50. ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು, 1956 ಇದರಲ್ಲಿ ಶೇಕಡಾ 6ಕ್ಕಿಂತ ಹೆಚ್ಚಿನ ವ್ಯತ್ಯಾಸವಾಗಬಾರದೆಂದು ವಿಧಿಸಿದ್ದವು. ಆ ಲೆಕ್ಕದಂತೆ ವೋಲ್ಟೇಜ್ 216ರಿಂದ 244ರೊಳಗೆ ಇರತಕ್ಕದ್ದು. ನಗರದ ಬಹುತೇಕ ಬಡಾವಣೆಗಳಲ್ಲಿ ಹೀಗೆಯೇ ಇರುತ್ತದೆ. ಆದರೆ ಕಾಲುವೆಯ ನೀರಿನ ವಿಷಯವನ್ನು ಬಲ್ಲವರಿಗೆ ವಿದ್ಯುತ್ತಿನ ವಿಷಯವನ್ನು ಹೇಳುವುದು ಸುಲಭ. ಮಲಪ್ರಭಾ ಅಥವಾ ತುಂಗಭದ್ರಾ ಕಾಲುವೆಯ ಮೇಲ್ಭಾಗದ ಹೊಲಕ್ಕೆ ನೀರು ತುಂಬಿ ಬಂದರೂ ತುದಿಯ ಹೊಲದವರು ಮುಖ ಮೇಲೆ ಮಾಡಿ ಕಾಯಬೇಕಾಗುತ್ತದೆ. ಅಂತೆಯೇ ಟಿ.ಸಿ.ಯ ಮಗ್ಗುಲಿನ ಮನೆಗೆ 235 ವೋಲ್ಟ್ ಬರುವಾಗ ತಂತಿಯ ತುದಿಯಲ್ಲಿರುವ ತೋಟದ ಮನೆಗೆ 190 ಬರಬಹುದು.

ಇದರ ಲೆಕ್ಕವು ಶಾಲೆಯ ಹತ್ತನೆಯ ತರಗತಿಯ ಮಕ್ಕಳಿಗೂ ತಿಳಿದದ್ದೇ. ತಂತಿಗೆ ರೋಧವುಂಟು, ಪ್ರವಾಹವನ್ನು ರೋಧದಿಂದ ಗುಣಿಸಿದಷ್ಟು ವೋಲ್ಟೇಜ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಟಿ.ಸಿ.ಯಿಂದ ಮನೆಯವರೆಗೆ ಹೋಗುವ ಮತ್ತು ಬರುವ ತಂತಿಗಳ ಒಟ್ಟು ರೋಧವು 2 ಓಮ್ ಎಂದಿಟ್ಟುಕೊಂಡು, ಆ ತಂತಿಯಲ್ಲಿ 20 ಆಂಪಿಯರ್ ಹರಿಯಿತೆಂದರೆ, 40 ವೋಲ್ಟ್ ಕಳೆದು 190 ಉಳಿಯುತ್ತದೆ. ಊರವರೆಲ್ಲ ದೀಪ, ಮಿಕ್ಸರ್, ನೀರಿನ ಮೋಟಾರುಗಳನ್ನು ಹಚ್ಚುವ ಸಂಜೆಯ ಹೊತ್ತಿನಲ್ಲಿ ಪ್ರವಾಹವು ಹೆಚ್ಚಿ ಒತ್ತಡವು ಕುಸಿಯುತ್ತದೆ. ನಡುರಾತ್ರಿ ಎಲ್ಲರೂ ಮಲಗಿದ ಮೇಲೆ ಅದೇ ಮನೆಯಲ್ಲಿ ಅದು 245, 250ಕ್ಕೂ ಏರುವುದುಂಟು. ಸಂಜೆಯ ಕೊರತೆಯನ್ನು ತುಂಬಲೆಂದು ಟಿ.ಸಿ.ಯ ಟ್ಯಾಪನ್ನು ಮೇಲಕ್ಕೆ ಇಟ್ಟಿದ್ದರೆ ಇನ್ನಷ್ಟು ಏರುತ್ತದೆ. ಕರ್ನಾಟಕದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಪಂಪ್‌ಸೆಟ್ಟುಗಳ ಮಾರ್ಗವನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸಿದ ಊರುಗಳಲ್ಲಿ ಈ ತೊಂದರೆ ಸಾಕಷ್ಟು ತಗ್ಗಿದೆ. ತೋಟದ ಮನೆಗಳಿಗೆ ಮಾತ್ರ ಆ ಭಾಗ್ಯ ಎಲ್ಲ ಕಡೆ ಒದಗಿಲ್ಲ.

ಇವೆಲ್ಲಕ್ಕಿಂತ ಕ್ರೂರವಾದ ಇನ್ನೊಂದು ಕೇಡಿದೆ. ಅದನ್ನು ಅಂಗಡಿಯವರು ಹೇಳುವುದು ಅಪರೂಪ. ಒಂದು ಬೀದಿಯ ಮನೆಗಳನ್ನು ಮೂರು ಫೇಸುಗಳಿಗೆ ಹಂಚಿರುತ್ತಾರೆ. ನ್ಯೂಟ್ರಲ್ ತಂತಿ ಮಾತ್ರ ಎಲ್ಲರಿಗೂ ಒಂದೇ. ಗಾಳಿಮಳೆಗೆ ಅದು ಕಡಿದರೆ ಅಥವಾ ಕಂಬದ ಮೇಲಿನ ಅದರ ಬೆಸುಗೆ ಸಡಿಲವಾದರೆ, ಮನೆಗಳ ಉಪಕರಣಗಳು ಎರಡು ಫೇಸುಗಳ ನಡುವೆ ಸರಣಿಯಾಗಿ ಸಿಕ್ಕಿಕೊಳ್ಳುತ್ತವೆ. ಎರಡು ಫೇಸುಗಳ ನಡುವಣ ಒತ್ತಡವು ಸುಮಾರು 400 ವೋಲ್ಟ್. ಹೆಚ್ಚು ವಿದ್ಯುತ್ ಬಳಸುತ್ತಿರುವ ಮನೆಯಲ್ಲಿ ದೀಪವು ಮಂಕಾಗುತ್ತದೆ. ಕಡಿಮೆ ಬಳಸುತ್ತಿರುವ ಮನೆಗೆ 300, 350, ಕೆಲವೊಮ್ಮೆ 400ರ ಸಮೀಪದ ಒತ್ತಡವು ನುಗ್ಗುತ್ತದೆ. “ನಮ್ಮ ಓಣಿಯಲ್ಲಿ ಒಂದೇ ಕ್ಷಣಕ್ಕೆ ಹತ್ತು ಟಿ.ವಿ. ಸುಟ್ಟವು” ಎಂಬ ಮಾತಿನ ಹಿಂದೆ ಇರುವುದು ಬಹುಮಟ್ಟಿಗೆ ಈ ನ್ಯೂಟ್ರಲ್ಲೇ. ಮನೆಯಲ್ಲಿ ಕೆಲವು ದೀಪಗಳು ಇದ್ದಕ್ಕಿದ್ದಂತೆ ಪ್ರಖರವಾಗಿ, ಇನ್ನು ಕೆಲವು ಮಂಕಾದರೆ, ಅಥವಾ ಪಕ್ಕದ ಮನೆ ಮಂಕಾದಾಗ ನಮ್ಮ ಮನೆ ಬೆಳಗಿದರೆ, ಆ ಕ್ಷಣವೇ ಮೇನ್ ಸ್ವಿಚ್ಚನ್ನು ಕೆಳಗೆಳೆದು 1912ಕ್ಕೆ ದೂರು ಕೊಡಬೇಕು.

ಇನ್ನು ಗಣಕಯಂತ್ರದ ಸಹನೆ ಎಷ್ಟೆಂಬುದು. ಸಿ.ಪಿ.ಯು. ಪೆಟ್ಟಿಗೆಯ ಹಿಂಭಾಗದಲ್ಲಿ ಫ್ಯಾನಿನ ಜಾಲರಿಯುಳ್ಳ ಲೋಹದ ಚಿಕ್ಕ ಡಬ್ಬಿ ಇದೆ. ರಿಪೇರಿಯವರು ಅದನ್ನು ಎಸ್.ಎಂ.ಪಿ.ಎಸ್. ಎಂದು ಕರೆಯುತ್ತಾರೆ. ಮನೆಯ ಪರ್ಯಾಯ ವಿದ್ಯುತ್ತನ್ನು ಅದು ಮೊದಲು ನೇರ ವಿದ್ಯುತ್ತನ್ನಾಗಿ ಮಾಡಿ ದೊಡ್ಡ ಕೆಪಾಸಿಟರಿನಲ್ಲಿ ತುಂಬುತ್ತದೆ. ಆ ಬಳಿಕ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಸಣ್ಣ ಪರಿವರ್ತಕದ ಮೂಲಕ ಇಳಿಸಿ, 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತನ್ನು ಕೊಡುತ್ತದೆ. ಒತ್ತಡ ಕಡಿಮೆಯಾದರೆ ಹೆಚ್ಚು ಹೊತ್ತು ತೆರೆದು, ಹೆಚ್ಚಾದರೆ ಬೇಗ ಮುಚ್ಚಿ, ಹೊರಗೆ ಕೊಡುವ ವೋಲ್ಟೇಜನ್ನು ಅದು ಸಮವಾಗಿ ಕಾಯುತ್ತದೆ. ಎಂದರೆ ಗಣಕಯಂತ್ರದ ಹೊಟ್ಟೆಯೊಳಗೆ ಒಂದು ಸ್ಟೆಬಿಲೈಸರ್ ಆಗಲೇ ಇದೆ. ಹೊರಗಿನಿಂದ ಕೊಳ್ಳುವ ಪೆಟ್ಟಿಗೆಗಿಂತ ಅದು ಎಷ್ಟೋ ಪಾಲು ಚುರುಕು.

ಅದಕ್ಕೂ ಒಂದು ಎಲ್ಲೆಯಿದೆ. 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ತುದಿಯ ಬೆಲೆ ಸುಮಾರು 325 ವೋಲ್ಟ್. ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವುದು ಅಷ್ಟಕ್ಕೆ. ಸಾಮಾನ್ಯವಾಗಿ ಅದರ ತಾಳಿಕೆ 400 ವೋಲ್ಟಿನ ಆಸುಪಾಸು. ಹೊರಗಿನ ಒತ್ತಡ 270ಕ್ಕೆ ಏರಿದರೆ ಒಳಗೆ 382 ಆಗುತ್ತದೆ. 400ಕ್ಕೆ ಏರಿದರೆ 566. ಆಗ ಕೆಪಾಸಿಟರ್ ಸಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಇತ್ತ ಒತ್ತಡ ತಗ್ಗಿದಾಗ, ಅದೇ ಕೆಲಸಕ್ಕೆ ಎಸ್.ಎಂ.ಪಿ.ಎಸ್. ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ, ಹೆಚ್ಚು ಕಾಯುತ್ತದೆ. ತೀರ ತಗ್ಗಿದಾಗ ಯಂತ್ರವು ತಾನಾಗಿ ಆರಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಈ ಎಲ್ಲೆ ಎಷ್ಟೆಂಬುದನ್ನು ಊಹಿಸಬೇಕಾಗಿಲ್ಲ; ಡಬ್ಬಿಯ ಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. “100–240” ಎಂದು ಬರೆದಿದ್ದರೆ ಅದು ವಿಶಾಲ ಸಹನೆಯ ಯಂತ್ರ. ಒಳ್ಳೆಯ ದರ್ಜೆಯ ಎಸ್.ಎಂ.ಪಿ.ಎಸ್.ಗಳು, ಲ್ಯಾಪ್‌ಟಾಪಿನ ಅಡಾಪ್ಟರುಗಳು, ಅನೇಕ ಮಾನಿಟರುಗಳು ಈ ಬಗೆಯವು. ಇಂಥವು ನಿಜದಲ್ಲಿ 90ರಿಂದ 264ರವರೆಗೆ ಕೆಲಸ ಮಾಡುವಂತೆ ರಚಿತವಾಗಿರುತ್ತವೆ. “200–240” ಅಥವಾ ಬರಿಯ “230” ಎಂದಿದ್ದರೆ 180ರ ಕೆಳಗೆ ಅದನ್ನು ನಂಬುವಂತಿಲ್ಲ. ಹಳೆಯ ಡಬ್ಬಿಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಗುಂಡಿಯೊಂದಿರುತ್ತದೆ. ಅದು ಸದಾ 230ರಲ್ಲಿಯೇ ಇರಬೇಕು. ಕುತೂಹಲದ ಮಕ್ಕಳು ಅದನ್ನು 115ಕ್ಕೆ ಸರಿಸಿ ಯಂತ್ರವನ್ನು ಹಚ್ಚಿದರೆ ಯಾವ ಸ್ಟೆಬಿಲೈಸರೂ ಕಾಪಾಡಲಾರದು. ಅಂಟುಪಟ್ಟಿಯಿಂದ ಮುಚ್ಚಿಬಿಡುವುದು ಲೇಸು.

ಯಂತ್ರದ ಎಲ್ಲೆ ತಿಳಿದ ಮೇಲೆ ಮನೆಯ ವೋಲ್ಟೇಜನ್ನು ಅಳೆಯಬೇಕು. ಅಳೆಯದೆ ಸ್ಟೆಬಿಲೈಸರ್ ಕೊಳ್ಳುವುದು ನಾಡಿ ನೋಡದೆ ಔಷಧ ಕೊಟ್ಟಂತೆ. ಸಾಕೆಟ್ಟಿಗೆ ಚುಚ್ಚಿದರೆ ಅಂಕಿಯನ್ನು ತೋರಿಸುವ ಚಿಕ್ಕ ವೋಲ್ಟ್‌ಮೀಟರುಗಳು ಸುಲಭ ಬೆಲೆಗೆ ದೊರೆಯುತ್ತವೆ. ಮಲ್ಟಿಮೀಟರ್ ಬಳಸುವುದಾದರೆ ಬಲ್ಲವರ ಕೈಯಿಂದಲೇ ಅಳೆಯಿಸಬೇಕು. ಒಂದು ವಾರ ಕಾಲ ಬೆಳಗಿನ 5, ಮಧ್ಯಾಹ್ನದ 1, ಸಂಜೆಯ 7 ಮತ್ತು ರಾತ್ರಿಯ 11 ಗಂಟೆಗೆ ಅಳೆದು ಬರೆದಿಡಬೇಕು. ನೀರಿನ ಮೋಟಾರು ಹಚ್ಚಿದ ಕ್ಷಣದಲ್ಲೊಮ್ಮೆ, ಅದು ಓಡುತ್ತಿರುವಾಗೊಮ್ಮೆ ನೋಡಬೇಕು. ಮನೆಯ ಮೀಟರಿನ ಬಳಿ 228 ಇದ್ದು ಗಣಕಯಂತ್ರದ ಸಾಕೆಟ್ಟಿನಲ್ಲಿ 205 ಮಾತ್ರ ಇದ್ದರೆ ದೋಷವು ವಿದ್ಯುತ್ ಕಂಪನಿಯದಲ್ಲ, ಮನೆಯ ವೈರಿಂಗಿನದು. ಸಡಿಲಾದ ತಿರುಪು, ಸುಟ್ಟ ಸಾಕೆಟ್, ತೆಳ್ಳಗಿನ ವೈರು ಇವುಗಳಲ್ಲಿ ಒಂದು ಇದಕ್ಕೆ ಕಾರಣವಾಗಿರುತ್ತದೆ. ಅಲ್ಲಿ ಸ್ಟೆಬಿಲೈಸರ್ ಇಟ್ಟರೆ ರೋಗವು ಮುಚ್ಚಿಹೋಗುತ್ತದೆ, ತಂತಿಯ ಕಾವು ಹೆಚ್ಚುತ್ತದೆ. ಬೆಂಕಿಯ ಅಪಾಯವಿರುವುದು ಇಂಥ ಮನೆಗಳಲ್ಲಿಯೇ.

ವಾರದ ಅಂಕಿಗಳು ಕೈಗೆ ಬಂದ ಮೇಲೆ ನಿರ್ಣಯವು ಕಠಿಣವಲ್ಲ. ಪಟ್ಟಣದ ಮನೆಯೊಂದರಲ್ಲಿ 218ರಿಂದ 240ರವರೆಗೆ ಅಂಕಿಗಳು ಬಂದವೆಂದು ಭಾವಿಸಬಹುದು. ಅಲ್ಲಿ ಯಾವ ಗಣಕಯಂತ್ರಕ್ಕೂ ಸ್ಟೆಬಿಲೈಸರ್ ಬೇಡ. ಸಂಜೆ 185, ರಾತ್ರಿ 248 ಬರುವ ಮನೆಯಲ್ಲಿ ವಿಶಾಲ ಸಹನೆಯ ಯಂತ್ರಕ್ಕೆ ಬೇಡ. “200–240” ಎಂದು ಬರೆದ ಯಂತ್ರಕ್ಕೆ ಇದ್ದರೆ ಒಳ್ಳೆಯದು. ಸಂಜೆ 150ಕ್ಕೆ ಇಳಿಯುವ ತೋಟದ ಮನೆಯಲ್ಲಿ, ಮೇಜಿನ ಮೇಲಿನ ಸಾಧಾರಣ ಗಣಕಯಂತ್ರಕ್ಕೆ ಅದು ಬೇಕೇಬೇಕು. ಲ್ಯಾಪ್‌ಟಾಪಿಗೆ ಅಲ್ಲಿಯೂ ಬೇಡ. ಇಷ್ಟು ಇಳಿಯುವ ಕಡೆ ಮೇಜಿನ ಯಂತ್ರದ ಬದಲು ಲ್ಯಾಪ್‌ಟಾಪನ್ನೇ ಕೊಳ್ಳುವುದು ಹೆಚ್ಚು ವಿವೇಕದ ಮಾರ್ಗ. ಅದರ ಅಡಾಪ್ಟರು ತಗ್ಗಿನ ಒತ್ತಡವನ್ನು ಸಹಿಸುತ್ತದೆ, ಬ್ಯಾಟರಿಯು ಕರೆಂಟು ಹೋದಾಗ ನಡೆಸುತ್ತದೆ. ಎರಡು ಪೆಟ್ಟಿಗೆಗಳ ಖರ್ಚು ಉಳಿಯುತ್ತದೆ. ಜೊತೆಗೆ ವಾರದ ಅಂಕಿಗಳನ್ನು ಲಗತ್ತಿಸಿ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಅರ್ಜಿ ಕೊಡಬೇಕು. “ವೋಲ್ಟೇಜ್ ಬಹಳ ಕಡಿಮೆ” ಎಂಬ ಬಾಯಿಮಾತಿಗಿಂತ ತಾರೀಖು, ವೇಳೆ, ಅಂಕಿಗಳುಳ್ಳ ಹಾಳೆಗೆ ಬೆಲೆ ಹೆಚ್ಚು.

ಸ್ಟೆಬಿಲೈಸರುಗಳಲ್ಲಿ ಮೂರು ಬಗೆಗಳನ್ನು ಹೆಸರಿಸಬಹುದು. ಮನೆಗಳಲ್ಲಿ ಕಾಣುವುದು ಬಹುತೇಕ ರಿಲೇ ಬಗೆ. ಅದರೊಳಗೆ ಹಲವು ಕವಲುಗಳುಳ್ಳ ಒಂದೇ ಸುರುಳಿಯ ಪರಿವರ್ತಕವಿದೆ. ಒತ್ತಡ ತಗ್ಗಿದಾಗ ರಿಲೇ “ಟಕ್” ಎಂದು ಸದ್ದು ಮಾಡಿ ಇನ್ನೊಂದು ಕವಲಿಗೆ ಹಾರುತ್ತದೆ, 170ನ್ನು 220 ಮಾಡುತ್ತದೆ. ಹೀಗೆ ಹಾರುವಾಗ ಸೆಕೆಂಡಿನ ನೂರನೆಯ ಒಂದು ಭಾಗ ಅಥವಾ ತುಸು ಹೆಚ್ಚು ಕಾಲ ವಿದ್ಯುತ್ ಕಡಿಯುತ್ತದೆ. ಒಳ್ಳೆಯ ಎಸ್.ಎಂ.ಪಿ.ಎಸ್. ತನ್ನ ಕೆಪಾಸಿಟರಿನ ಬಲದಿಂದ ಅಷ್ಟು ಹೊತ್ತನ್ನು ದಾಟಿಸುತ್ತದೆ. ಅಗ್ಗದ್ದಾದರೆ ಯಂತ್ರವು ಅಲ್ಲಿಯೇ ಆರುವುದುಂಟು. ಎರಡನೆಯದು ಸರ್ವೋ ಬಗೆ. ಚಿಕ್ಕ ಮೋಟಾರೊಂದು ಇಂಗಾಲದ ಕುಂಚವನ್ನು ಸುರುಳಿಯ ಮೇಲೆ ಸರಿಸುತ್ತ ಕಡಿತವಿಲ್ಲದೆ, ಹೆಚ್ಚು ನಿಖರವಾಗಿ ವೋಲ್ಟೇಜನ್ನು ತಿದ್ದುತ್ತದೆ. ಅದು ನಿಧಾನ, ಭಾರ, ಬೆಲೆಯೂ ಹೆಚ್ಚು. ಮುದ್ರಣಾಲಯ, ಆಸ್ಪತ್ರೆ, ಇಡೀ ಪ್ರಯೋಗಾಲಯಗಳಿಗೆ ತಕ್ಕದ್ದು. ಮೂರನೆಯದು ಜೋಸೆಫ್ ಸೋಲಾ ಎಂಬವರು 1938ರಲ್ಲಿ ಕಂಡುಹಿಡಿದ ಸ್ಥಿರ ವೋಲ್ಟೇಜ್ ಪರಿವರ್ತಕ, ಎಂದರೆ ಸಿ.ವಿ.ಟಿ. ಚಲಿಸುವ ಭಾಗ ಒಂದೂ ಇಲ್ಲದೆ, ಕಬ್ಬಿಣದ ತಿರುಳಿನ ಕಾಂತೀಯ ತೃಪ್ತತೆಯ ಗುಣದಿಂದಲೇ ಅದು ಒತ್ತಡವನ್ನು ಕಾಯುತ್ತದೆ. 1980ರ ದಶಕದಲ್ಲಿ ಕಚೇರಿಯ ಗಣಕಯಂತ್ರಗಳ ಪಕ್ಕದಲ್ಲಿ ಗುಂಯ್‌ಗುಟ್ಟುತ್ತ, ಬಿಸಿಯಾಗುತ್ತ ಕುಳಿತಿರುತ್ತಿದ್ದ ಪೆಟ್ಟಿಗೆ ಅದೇ. ಇಂದು ಮನೆಗಳಿಗೆ ಅದನ್ನು ಕೊಳ್ಳಬೇಕಾದ ಕಾರಣವಿಲ್ಲ.

ರಿಲೇ ಬಗೆಯ ಒಂದು ಗುಟ್ಟನ್ನು ಓದುಗರು ಗಮನಿಸಬೇಕು. ಪೆಟ್ಟಿಗೆಯ ಮೇಲೆ ಹೊರಗೆ ಕೊಡುವ ವೋಲ್ಟೇಜನ್ನು “230, ಹೆಚ್ಚು ಕಡಿಮೆ ಶೇಕಡಾ 10” ಎಂದು ಬರೆದಿದ್ದರೆ ಅದರ ಅರ್ಥ 207ರಿಂದ 253ರವರೆಗೆ ಏನಾದರೂ ಬರಬಹುದೆಂದು. ಒಳ್ಳೆಯ ಎಸ್.ಎಂ.ಪಿ.ಎಸ್. ಅದಕ್ಕಿಂತ ಎಷ್ಟೋ ಅಗಲವಾದ ಏರಿಳಿತವನ್ನು ತಾನೇ ತಾಳಿಕೊಳ್ಳುತ್ತದೆ. ಹೀಗಿರುವಾಗ ಸಾಧಾರಣ ವೋಲ್ಟೇಜಿನ ಮನೆಯಲ್ಲಿ ಈ ಪೆಟ್ಟಿಗೆ ಮಾಡುವ ಉಪಕಾರವೇನು? ಏನೂ ಇಲ್ಲ. ಅಪಕಾರವು ಮಾತ್ರ ಇರಬಹುದು. ವರ್ಷಗಟ್ಟಲೆ ಟಕ್‌ಗುಟ್ಟಿದ ರಿಲೇಯ ತುದಿಗಳು ಕಿಡಿಗೆ ಕರಗಿ ಏರಿಸುವ ಕವಲಿನಲ್ಲಿಯೇ ಅಂಟಿಕೊಂಡರೆ, ಸಂಜೆ 170ನ್ನು 220 ಮಾಡಿದ್ದ ಅದೇ ಪೆಟ್ಟಿಗೆ ರಾತ್ರಿ 245ನ್ನು 317 ಮಾಡಿ ಯಂತ್ರಕ್ಕೆ ಉಣಿಸುತ್ತದೆ. ಆದ್ದರಿಂದ ಕೊಳ್ಳುವ ಸ್ಟೆಬಿಲೈಸರಿನಲ್ಲಿ ಒತ್ತಡವು ಎಲ್ಲೆ ಮೀರಿದರೆ ಸಂಪರ್ಕವನ್ನೇ ಕಡಿಯುವ “ಹೈ ಕಟ್” ಇರಲೇಬೇಕು, ಅದೂ ಹೊರಗೆ ಹೋಗುವ ವೋಲ್ಟೇಜನ್ನು ನೋಡಿ ಕಡಿಯುವಂಥದು. ನ್ಯೂಟ್ರಲ್ ಕಡಿದ ಹೊತ್ತಿನಲ್ಲಿ ಮನೆಯನ್ನು ಉಳಿಸುವುದೂ ಈ ಗುಣವೇ. ಫ್ರಿಜ್ಜಿನ ಸ್ಟೆಬಿಲೈಸರನ್ನು ಗಣಕಯಂತ್ರಕ್ಕೆ ಜೋಡಿಸುವುದು ಸಲ್ಲದು. ಕಂಪ್ರೆಸರಿನ ರಕ್ಷಣೆಗಾಗಿ ಅದು ಪ್ರತಿ ಕಡಿತದ ಬಳಿಕ ಕೆಲವು ನಿಮಿಷ ತಡೆದು ವಿದ್ಯುತ್ ಕೊಡುತ್ತದೆ, ಗಣಕಯಂತ್ರಕ್ಕೆ ಅದರಿಂದ ಪ್ರಯೋಜನವಿಲ್ಲ.

ಸಾಮರ್ಥ್ಯದ ವಿಷಯದಲ್ಲಿ ಜನರು ಎರಡು ಕಡೆಗೂ ತಪ್ಪುವುದುಂಟು. ಎಸ್.ಎಂ.ಪಿ.ಎಸ್. ಮೇಲೆ 450 ವ್ಯಾಟ್ ಎಂದಿದ್ದರೆ ಅದು ಕೊಡಬಲ್ಲ ಪರಮಾವಧಿಯೇ ಹೊರತು ಎಳೆಯುವ ವಿದ್ಯುತ್ತಲ್ಲ. ಬರೆಯುವ, ಓದುವ, ಲೆಕ್ಕಪತ್ರ ಇಡುವ ಸಾಧಾರಣ ಗಣಕಯಂತ್ರವು ಮಾನಿಟರೂ ಸೇರಿ 100ರಿಂದ 150 ವ್ಯಾಟಿನೊಳಗೆ ಮುಗಿಸುತ್ತದೆ. ಅಗ್ಗದ ಎಸ್.ಎಂ.ಪಿ.ಎಸ್.ಗಳ ಪವರ್ ಫ್ಯಾಕ್ಟರ್ 0.6ರಷ್ಟೇ ಇರುವುದರಿಂದ 150 ವ್ಯಾಟಿಗೆ 250 ವೋಲ್ಟ್-ಆಂಪಿಯರ್ ಬೇಕು. ಅದಕ್ಕೆ ಅರ್ಧದಷ್ಟು ಕೂಡಿಸಿದರೆ 375. ಆದುದರಿಂದ 500 ವಿ.ಎ. ಸ್ಟೆಬಿಲೈಸರ್ ಒಂದು ಯಂತ್ರಕ್ಕೆ ಸಾಕು. ಆಟಗಳಿಗೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಹಾಕಿಸಿದ ಯಂತ್ರಕ್ಕೆ ಇದರ ಎರಡು ಮೂರು ಪಟ್ಟು ಬೇಕಾದೀತು. ತೀರ ತಗ್ಗಿದ ಒತ್ತಡದಲ್ಲಿ ಸ್ಟೆಬಿಲೈಸರಿನ ಸಾಮರ್ಥ್ಯವೇ ಇಳಿಯುತ್ತದೆ ಎಂಬುದೂ ನೆನಪಿರಲಿ. 240 ವ್ಯಾಟಿಗೆ 230 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಸಾಕಾದರೆ 160 ವೋಲ್ಟಿನಲ್ಲಿ ಅದು 1.5 ಆಂಪಿಯರ್ ಎಳೆಯಬೇಕಾಗುತ್ತದೆ. ಲೇಸರ್ ಪ್ರಿಂಟರನ್ನು ಇದೇ ಪೆಟ್ಟಿಗೆಗೆ ಜೋಡಿಸಲಾಗದು. ಕಾಗದವನ್ನು ಬಿಸಿಮಾಡುವ ಕ್ಷಣದಲ್ಲಿ ಅದೊಂದೇ ಅನೇಕ ನೂರು ವ್ಯಾಟುಗಳನ್ನು ನುಂಗುತ್ತದೆ.

ಇಷ್ಟಾದರೂ ಸ್ಟೆಬಿಲೈಸರ್ ಮಾಡಲಾರದ ಕೆಲಸಗಳಿವೆ. ಕರೆಂಟು ಹೋದರೆ ಅದೂ ಆರುತ್ತದೆ. ಗಣಕಯಂತ್ರದ ಬಳಕೆದಾರರು ಹೆಚ್ಚು ಕಳೆದುಕೊಳ್ಳುವುದು ವೋಲ್ಟೇಜಿನ ಏರಿಳಿತದಿಂದಲ್ಲ, ಹಠಾತ್ ಕಡಿತದಿಂದ. ಎರಡು ಗಂಟೆ ಬೆರಳಚ್ಚು ಮಾಡಿದ ಪಾಠಟಿಪ್ಪಣಿ, ಅರ್ಧ ತುಂಬಿದ ಅರ್ಜಿ, ಕೆಲವೊಮ್ಮೆ ಇಡೀ ಡಿಸ್ಕಿನ ವ್ಯವಸ್ಥೆ. ಇದಕ್ಕೆ ಮದ್ದು ಯು.ಪಿ.ಎಸ್. ಮನೆಬಳಕೆಗೆ ದೊರೆಯುವ 600 ವಿ.ಎ., 360 ವ್ಯಾಟಿನ ಯು.ಪಿ.ಎಸ್.ಗಳಲ್ಲಿ ಬಹುಪಾಲು “ಲೈನ್ ಇಂಟರ್‌ಆಕ್ಟಿವ್” ಬಗೆಯವು. ಅವುಗಳೊಳಗೆ ರಿಲೇ ಸ್ಟೆಬಿಲೈಸರ್ ಸೇರಿಯೇ ಇರುತ್ತದೆ. ಯು.ಪಿ.ಎಸ್. ಇದ್ದ ಮನೆಗೆ ಪ್ರತ್ಯೇಕ ಸ್ಟೆಬಿಲೈಸರ್ ಕೊಳ್ಳುವ ಅಗತ್ಯ ಬೀಳುವುದು ವೋಲ್ಟೇಜ್ 150ರ ಕೆಳಗೂ ಇಳಿಯುವ ಕಡೆ ಮಾತ್ರ. ಉಳಿದ ಕಡೆ ಎರಡನ್ನೂ ಒಂದರ ಹಿಂದೊಂದು ಜೋಡಿಸಿದರೆ ಎರಡು ಪೆಟ್ಟಿಗೆಗಳೂ ಒಂದನ್ನೊಂದು ತಿದ್ದಲು ಹೋಗಿ ಟಕ್‌ಗುಟ್ಟುತ್ತಿರುತ್ತವೆ. ಜೋಡಿಸಲೇಬೇಕಾದರೆ ಸ್ಟೆಬಿಲೈಸರ್ ಮೊದಲು, ಯು.ಪಿ.ಎಸ್. ಅನಂತರ, ಯು.ಪಿ.ಎಸ್.ನಿಂದ ಹೊರಬಂದ ವಿದ್ಯುತ್ತನ್ನು ಸ್ಟೆಬಿಲೈಸರಿಗೆ ಕೊಡಬಾರದು.

ಯು.ಪಿ.ಎಸ್.ನ ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಜೋರಾಗಿ ಎಳೆದಾಗ ಅದರ ಅರ್ಧದಷ್ಟೇ ಕೈಗೆ ಸಿಗುತ್ತದೆ. 100 ವ್ಯಾಟಿನ ಯಂತ್ರಕ್ಕೆ ಹೊಸದರಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ, ಎರಡು ವರ್ಷಗಳ ಬಳಿಕ ಹತ್ತು ನಿಮಿಷವೂ ಕಷ್ಟ. ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ ಅಷ್ಟು ಸಾಕು. ಮನೆಗೆಲ್ಲ ಇನ್ವರ್ಟರ್ ಇರುವವರು ಅದರ ಹಿಂದಿನ ಗುಂಡಿಯನ್ನು “ಯು.ಪಿ.ಎಸ್.” ಎಂಬಲ್ಲಿಗೆ ಸರಿಸಿದರೆ ಅನೇಕ ವೇಳೆ ಬೇರೆ ಯು.ಪಿ.ಎಸ್. ಬೇಕಾಗುವುದಿಲ್ಲ. ಆ ಸ್ಥಾನದಲ್ಲಿ ಅದು ವೇಗವಾಗಿ ಬದಲಾಗುತ್ತದೆ. ಜೊತೆಗೆ ವೋಲ್ಟೇಜ್ ಸುಮಾರು 180ರ ಕೆಳಗೆ ಅಥವಾ 260ರ ಮೇಲೆ ಹೋದಾಗ ತಾನಾಗಿ ಬ್ಯಾಟರಿಗೆ ಹೊರಳುತ್ತದೆ. ಈ ಗುಂಡಿಯನ್ನು ಒಮ್ಮೆಯೂ ಮುಟ್ಟದ ಮನೆಗಳೇ ಹೆಚ್ಚು.

ಸಿಡಿಲಿನ ವಿಷಯವನ್ನು ಎರಡೇ ಮಾತಿನಲ್ಲಿ ಹೇಳಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ಟೆಬಿಲೈಸರೂ ಯು.ಪಿ.ಎಸ್.ಸೂ ಭರವಸೆಯಲ್ಲ, ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಾಮ್ರದ ತಂತಿಯನ್ನೂ ಕಿತ್ತಿಡುವುದೇ ಉಪಾಯ. “ಸ್ಪೈಕ್ ಗಾರ್ಡ್” ಎಂದು ಮಾರುವ ಉದ್ದನೆಯ ಸಾಕೆಟ್ ಪಟ್ಟಿಗಳಲ್ಲಿ ಒಳಗೆ ರಕ್ಷಕ ಭಾಗವಿದ್ದರೆ ಅದು ಚಿಕ್ಕ ಏಟುಗಳನ್ನು ನೆಲಕ್ಕೆ ಇಳಿಸುತ್ತದೆ, ಅದೂ ನೆಲದ ಸಂಪರ್ಕ ಸರಿಯಾಗಿದ್ದರೆ.

ಆ ನೆಲದ ಸಂಪರ್ಕವೇ ಈ ವಿಷಯದ ಬೇರು. ಗಣಕಯಂತ್ರದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವ ಅನುಭವವು ಎಷ್ಟೋ ಮನೆಗಳಲ್ಲಿ ಉಂಟು. “ಯಂತ್ರದಲ್ಲಿ ಶಾರ್ಟ್ ಆಗಿದೆ” ಎಂದು ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಪರೀಕ್ಷಿಸಿದರೆ ದೋಷವೇ ಕಾಣುವುದಿಲ್ಲ. ಕಾರಣವಿಷ್ಟೆ: ಎಸ್.ಎಂ.ಪಿ.ಎಸ್.ನಲ್ಲಿ ಗದ್ದಲವನ್ನು ಸೋಸಲು ಫೇಸಿನಿಂದ ಪೆಟ್ಟಿಗೆಗೆ ಒಂದು, ನ್ಯೂಟ್ರಲ್ಲಿನಿಂದ ಪೆಟ್ಟಿಗೆಗೆ ಒಂದು ಚಿಕ್ಕ ಕೆಪಾಸಿಟರುಗಳಿರುತ್ತವೆ. ಪೆಟ್ಟಿಗೆಗೆ ಭೂಸಂಪರ್ಕವಿದ್ದರೆ ಅವುಗಳ ಅಲ್ಪ ಪ್ರವಾಹ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯು ಎರಡರ ನಡುವೆ, ಸುಮಾರು 115 ವೋಲ್ಟಿನಲ್ಲಿ ತೂಗಾಡುತ್ತದೆ. ಪ್ರವಾಹವು ಅತ್ಯಲ್ಪವಾದ್ದರಿಂದ ಜುಮ್ಮೆನ್ನುವುದರಲ್ಲಿ ಮುಗಿಯುತ್ತದೆ; ಆದರೆ ಅದೇ ಪೆಟ್ಟಿಗೆಯಲ್ಲಿ ನಿಜವಾದ ದೋಷವೊಂದು ಹುಟ್ಟಿದ ದಿನ ಕಾಪಾಡುವ ದಾರಿ ಇರುವುದಿಲ್ಲ. ಜುಮ್ಮೆನ್ನುವುದು ಯಂತ್ರದ ದೂರಲ್ಲ, ಗೋಡೆಯ ಸಾಕೆಟ್ಟಿನ ದೂರು. ಮೂರು ಪಿನ್ನಿನ ಪ್ಲಗ್ಗು ಎರಡು ತೂತಿನ ಸಾಕೆಟ್ಟಿಗೆ ಹೊಂದಲಿಲ್ಲವೆಂದು ದಪ್ಪ ಪಿನ್ನನ್ನು ಕತ್ತರಿಸಿ ಹಾಕುವವರನ್ನು ಇಂದಿಗೂ ಕಾಣಬಹುದು. ಯಾವ ಬೆಲೆಯ ಸ್ಟೆಬಿಲೈಸರೂ ಈ ಕತ್ತರಿಕೆಯನ್ನು ಸರಿಪಡಿಸುವುದಿಲ್ಲ.

ಸಾಕೆಟ್ಟಿನಲ್ಲಿ ಮೂರನೆಯ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದೂ ಅಲ್ಲ. ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಬೇಕು: ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟೇಜ್ ಇದೆಯೋ ಫೇಸ್ ಮತ್ತು ಅರ್ಥ್ ನಡುವೆಯೂ ಬಹುತೇಕ ಅಷ್ಟೇ ಇರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಮೀಟರು ಒಮ್ಮೊಮ್ಮೆ ಮೋಸ ಮಾಡುವುದರಿಂದ, ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಹಳೆಯ ಬುರುಡೆ ದೀಪ ಹಚ್ಚಿ ಅದು ಪೂರ್ಣವಾಗಿ ಬೆಳಗುತ್ತದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ನರು ನೋಡುತ್ತಾರೆ. ಮನೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಈ ಪರೀಕ್ಷೆಯಲ್ಲಿ ಅದು ಥಟ್ಟನೆ ಬೀಳುತ್ತದೆ. ಅದೂ ಒಳ್ಳೆಯ ಚಿಹ್ನೆಯೇ. ಗುಂಡಿಯಲ್ಲಿ ಕೊಳವೆಯನ್ನು ನಿಲ್ಲಿಸಿ ಸುತ್ತಲೂ ಇದ್ದಿಲು, ಉಪ್ಪು ತುಂಬಿಸುವ ಹಳೆಯ ಪದ್ಧತಿಯು ಇಂದಿಗೂ ನಂಬತಕ್ಕದ್ದು. ಎರೆಭೂಮಿಯ ಸೀಮೆಯಲ್ಲಿ ಮಾತ್ರ ಒಂದು ಎಚ್ಚರ ಬೇಕು. ಎರೆಮಣ್ಣು ಹಸಿಯಿದ್ದಾಗ ವಿದ್ಯುತ್ತಿಗೆ ಚೆನ್ನಾಗಿ ದಾರಿ ಕೊಡುತ್ತದೆ. ಬೇಸಿಗೆಯಲ್ಲಿ ಬಿರಿದು ಕೊಳವೆಯನ್ನು ಬಿಟ್ಟು ಹಿಂದೆ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗು ಏಪ್ರಿಲ್‌ನಲ್ಲಿ ಕೆಟ್ಟಿರುವುದಕ್ಕೆ ಇದೇ ಕಾರಣ. ಗುಂಡಿಯ ಬಾಯಿಯಿಂದ ಆಗಾಗ ನೀರು ಹಾಕುವುದು ಮನೆಯ ಯಾರಾದರೊಬ್ಬರ ಕೆಲಸವಾಗಿರಬೇಕು.

ಮನೆಗೆ ಹೇಳಿದ ಈ ಮಾತು ಶಾಲೆಗೆ ಹತ್ತು ಪಾಲು ಸಲ್ಲುತ್ತದೆ. ಶಾಲೆಗೆ ಗಣಕಯಂತ್ರಗಳನ್ನು ದಾನವಾಗಿ ಕೊಡುವ ಮಹನೀಯರು ಹತ್ತು ಯಂತ್ರಗಳನ್ನು ಕೊಟ್ಟಾಗ, ಅವನ್ನೆಲ್ಲ ಕೋಣೆಯ ಒಂದೆರಡು ಹಳೆಯ ಸಾಕೆಟ್ಟುಗಳಿಗೆ ಎಕ್ಸ್‌ಟೆನ್ಷನ್ ಬೋರ್ಡುಗಳಿಂದ ಜೋಡಿಸಿಬಿಡುವ ಸಂದರ್ಭಗಳೇ ಹೆಚ್ಚು. ಹತ್ತು ಯಂತ್ರಗಳು ಸೇರಿ 1500 ವ್ಯಾಟ್. ಅದಕ್ಕೆ ಮೀಟರಿನಿಂದಲೇ ಬೇರೆ ವೈರು, ಬೇರೆ ಎಂ.ಸಿ.ಬಿ., ಆರ್.ಸಿ.ಸಿ.ಬಿ., ಬೇರೆ ಅರ್ಥಿಂಗ್ ಗುಂಡಿ ಅವಶ್ಯ. ಯಂತ್ರಕ್ಕೊಂದರಂತೆ ಹತ್ತು ಚಿಕ್ಕ ಯು.ಪಿ.ಎಸ್.ಗಳನ್ನು ಇಟ್ಟರೆ ಎರಡು ಮೂರು ವರ್ಷಗಳಲ್ಲಿ ಹತ್ತು ಬ್ಯಾಟರಿಗಳು ಒಟ್ಟಿಗೆ ಸಾಯುತ್ತವೆ, ಬದಲಿಸಲು ಹಣವಿರುವುದಿಲ್ಲ. ಇಡೀ ಕೋಣೆಗೆ 3 ಕೆ.ವಿ.ಎ.ಯ ಒಂದೇ ಆನ್‌ಲೈನ್ ಯು.ಪಿ.ಎಸ್. ಮೇಲು, ಅದು ಸಾಮಾನ್ಯವಾಗಿ 160ರಿಂದ 280ರವರೆಗಿನ ವೋಲ್ಟೇಜನ್ನು ತಾನೇ ತಿದ್ದಿಕೊಳ್ಳುವುದರಿಂದ ಸ್ಟೆಬಿಲೈಸರಿನ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ. ಹತ್ತು ಯಂತ್ರಗಳ ಬದಲು ಎಂಟನ್ನು ಕೊಟ್ಟು, ಉಳಿದ ಹಣವನ್ನು ವೈರಿಂಗಿಗೂ ಗುಂಡಿಗೂ ಬ್ಯಾಟರಿಯ ನಿಧಿಗೂ ಕೊಡುವ ದಾನಿಯು ಶಾಲೆಗೆ ಮಾಡುವ ಉಪಕಾರ ದೊಡ್ಡದು. ಗುಂಡಿಯ ಮೇಲೆ ದಾನಿಯ ಹೆಸರಿನ ಕಲ್ಲು ಹಾಕಿಸುವ ಪದ್ಧತಿ ಇನ್ನೂ ಬಂದಿಲ್ಲವೆಂಬುದು ಬೇರೆ ಮಾತು.

ಬೇಸಿಗೆಯ ರಜೆಯಲ್ಲಿ ಶಾಲೆ ಮುಚ್ಚಿದಾಗ ಈ ಗುಂಡಿಯನ್ನು ಕೇಳುವವರಿರುವುದಿಲ್ಲ. ರಜೆ ಮುಗಿದು ಬಾಗಿಲು ತೆರೆದ ದಿನ ಯಂತ್ರಗಳನ್ನು ಹಚ್ಚುವ ಮೊದಲು ಗುಂಡಿಗೆ ಎರಡು ಕೊಡ ನೀರು ಹಾಕಿಸಿ, ಮಾರನೆಯ ದಿನ ನ್ಯೂಟ್ರಲ್-ಅರ್ಥ್ ಅಳತೆಯನ್ನು ತೆಗೆಸಿ, ಆ ಅಂಕಿಯನ್ನು ಕೋಣೆಯ ದಾಖಲೆ ಪುಸ್ತಕದಲ್ಲಿ ತಾರೀಖಿನೊಡನೆ ಬರೆಸಬೇಕು.